ನಾಲ್ಕರಿಂದ ಐದು, ಹೆಂಗಸರಿಗೆ ಮಾತ್ರ

ನಮ್ಮೂರಲ್ಲಿ ಒಂದು ಒಳ್ಳೆ ಕೆಲಸ ಸುಮ್ಮನೆ ಆಗಿಹೋಯಿತು ಅಂತ ನಾನು ಇವತ್ತಿನವರೆಗೆ ಕೇಳಿಲ್ಲ. ಮೊದಲು ಎಡವಟ್ಟಾಗಬೇಕು, ಅದನ್ನು ಊರೆಲ್ಲ ಹೇಳಿಕೊಂಡು ನಗಬೇಕು, ನಕ್ಕು ಸುಸ್ತಾದ ಮೇಲೆ ಕೆಲಸ ತಾನಾಗಿ ದಾರಿಗೆ ಬರುತ್ತದೆ. ಈಜುಕೊಳದ ವಿಷಯವೂ ಹಾಗೇ ಆಯಿತು.

ಯಾರದೋ ಕಾಲದಲ್ಲಿ ಕಟ್ಟಿಸಿದ ಕೊಳ. ನೀರು ಬತ್ತಿ ಎಷ್ಟೋ ವರ್ಷವಾಗಿತ್ತು. ಹುಡುಗರು ಅದರೊಳಗೆ ವಾಲಿಬಾಲ್ ಆಡುತ್ತಿದ್ದರು, ಸುಗ್ಗಿಯಲ್ಲಿ ಅಕ್ಕಪಕ್ಕದವರು ಶೇಂಗಾ ಒಣಗಿಸುತ್ತಿದ್ದರು. ಪುರಸಭೆಗೆ ಹೊಸದಾಗಿ ವರ್ಗವಾಗಿ ಬಂದ ಸಾಹೇಬರು ಬೋರು ಕೊರೆಸಿ, ಬಿರುಕು ಮುಚ್ಚಿಸಿ, ನೀರು ತುಂಬಿಸಿದರು. ಕಾಲೇಜಿನಲ್ಲಿ ಪಾಠ ಹೇಳುವ ನಾನೂ, ಹೆಣ್ಣುಮಕ್ಕಳ ಹೈಸ್ಕೂಲಿನ ಪಿ.ಟಿ. ಮೇಡಮ್ಮೂ ಹೋಗಿ ಹೆಂಗಸರಿಗೂ ಒಂದು ಗಂಟೆ ಬೇಕೆಂದು ಕೇಳಿದೆವು.

"ನಾಲ್ಕರಿಂದ ಐದು ತಗೊಳ್ರಿ. ಒಂದು ತಿಂಗಳು ನೋಡ್ತೀನಿ. ಜನ ಬರಲಿಲ್ಲ ಅಂದ್ರೆ ಗಂಡಸರಿಗೆ ಕೊಡ್ತೀನಿ, ಅವರು ಕ್ಯೂ ನಿಂತವ್ರೆ" ಅಂದರು.

ನನಗೆ ಆ ಗಂಟೆ ಬೇಕೇ ಬೇಕಿತ್ತು. ಮತ್ತೋಡಿನ ಹತ್ತಿರ ನಮ್ಮ ಹೊಲದ ಬಾವಿಗೆ ಅಣ್ಣಂದಿರು ದುಮುಕುವಾಗ, ಅವರ ಅಂಗಿ ಕಾಯುತ್ತಾ ದಂಡೆಯ ಮೇಲೆ ಕೂತು ಬೆಳೆದವಳು ನಾನು. ನಲವತ್ತು ದಾಟಿದ ಮೇಲಾದರೂ ಆ ಕಾವಲು ಕೆಲಸದಿಂದ ನಿವೃತ್ತಳಾಗಿ ನೀರಿಗಿಳಿಯುವ ಆಸೆ.

ಮೊದಲ ದಿನದ ಜನಸಾಗರ

ಮೊದಲ ದಿನ ನಾಲ್ಕಕ್ಕೇ ಗೇಟಿನ ಮುಂದೆ ಹೆಂಗಸರ ಹಿಂಡು. ಪಿ.ಟಿ. ಮೇಡಂ ಸಂತೋಷದಲ್ಲಿ ಸೀಟಿಯನ್ನೇ ಊದಿಬಿಟ್ಟರು. ನೋಡಿದರೆ ಎಲ್ಲರೂ ರೇಷ್ಮೆ ಸೀರೆ, ಕೈಯಲ್ಲಿ ಮೊರ. ಮೊರದೊಳಗೆ ಅರಿಸಿನ, ಕುಂಕುಮ, ಬಳೆ, ರವಿಕೆ ಕಣ.

"ಇದೇನ್ರೀ ಇದು?" ಅಂದೆ.

"ಇಷ್ಟು ನೀರು ತುಂಬೈತೆ. ಗಂಗಮ್ಮಂಗೆ ಬಾಗಿನ ಕೊಡದೆ ಕಾಲಿಡಾಕಾಗ್ತದೇನ್ರಿ?" ಅಂದರು ಮುಂದಿದ್ದವರು.

ಮಾತು ಮುಗಿಯುವುದರೊಳಗೆ ಮೊರಗಳು ನೀರಿನ ಮೇಲೆ ದೋಣಿಗಳ ಹಾಗೆ ಹೊರಟವು. ನೀರು ಹಳದಿಯಾಯಿತು. ರವಿಕೆ ಕಣವೊಂದು ಪೈಪಿಗೆ ಸಿಕ್ಕಿ ಮೋಟಾರು ಗೊರಗೊರ ಎಂದು ನಿಂತಿತು. ಮೆಕ್ಯಾನಿಕ್ಕನ್ನು ಕರೆದುಕೊಂಡು ಸಾಹೇಬರೇ ಓಡಿ ಬಂದರು.

"ಇದು ಈಜುಕೊಳ ಕಣ್ರಮ್ಮಾ, ಕೆರೆ ಅಲ್ಲ!"

"ಕೆರೆ ತುಂಬಿದ್ದು ಯಾವಾಗ ನೋಡಿದ್ವಿ ಸಾಮಿ? ಯಾವುದು ತುಂಬಿತೋ ಅದಕ್ಕೇ ಕೊಟ್ವಿ" ಅಂತ ಹಿಂದಿನಿಂದ ಒಬ್ಬರು.

ಮೋಟಾರು ಸರಿಯಾಗಿ ಸಾಹೇಬರು ಅತ್ತ ಹೋದ ಮೇಲೆ ಪಿ.ಟಿ. ಮೇಡಂ, "ಆಯ್ತಲ್ಲ, ಪೂಜೆ ಮುಗೀತು. ಈಗಾದ್ರೂ ಇಳೀರಿ" ಅಂದರು.

ಎಲ್ಲರೂ ಅವರನ್ನು ಪಾಪಿಯ ಹಾಗೆ ನೋಡಿದರು. "ಏನ್ ಮೇಡಂ ನೀವು, ಓದಿದೋರು! ಬಾಗಿನ ಕೊಟ್ಟ ನೀರಿಗೆ ಯಾರಾದ್ರೂ ಕಾಲಿಡ್ತಾರಾ?"

ಉಳಿದಿದ್ದು ಎಲ್ಲಿ?

ಗೇಟಿನ ಬೋರ್ಡಿನಲ್ಲಿ "ಈಜುಡುಗೆ ಕಡ್ಡಾಯ" ಎಂದಿತ್ತು. ನಮ್ಮೂರಿನಲ್ಲಿ ಸಿಗದೆ ದುರ್ಗಕ್ಕೆ ಹೋಗಿ ಕೇಳಿದೆ. ಅಂಗಡಿಯವನು ಮಕ್ಕಳ ಅಳತೆ ತೋರಿಸಿದ. ಕೊನೆಗೆ ಪತ್ರಿಕೆಯಲ್ಲಿ ಬಂದ ಒಂದು ಚಿತ್ರ ಕತ್ತರಿಸಿಕೊಂಡು, ಮಡಚಿ, ನಮ್ಮ ಬೀದಿಯ ಟೈಲರ್ ಮುಂದಿಟ್ಟೆ. ಅವರು ಕನ್ನಡಕ ಏರಿಸಿ ನೋಡಿದರು. ಹಾಳೆ ತಿರುಗಿಸಿ ಹಿಂದೆಯೂ ನೋಡಿದರು.

"ಮೇಡಂ, ಇದು ಅರ್ಧಕ್ಕೇ ನಿಂತೈತಲ್ಲ. ಉಳಿದಿದ್ದು ಎಲ್ಲಿ?"

"ಅಷ್ಟೇ ಇರೋದು."

"ನೀವು ಕಾಲೇಜಲ್ಲಿ ಪಾಠ ಮಾಡೋರು. ನನಗೆ ಬಿಡ್ರಿ, ಮರ್ಯಾದೆಯಾಗಿ ಹೊಲಿದು ಕೊಡ್ತೀನಿ" ಅಂದರು.

ಕೊಟ್ಟರು. ಕತ್ತಿನವರೆಗೆ ಗುಂಡಿ, ತುಂಬುತೋಳು, ಪಾದದವರೆಗೆ ಪೈಜಾಮ, ಪಕ್ಕದಲ್ಲೊಂದು ಜೇಬು. "ಜೇಬು ಯಾಕ್ರೀ?" ಅಂದರೆ, "ಇರಲಿ ತಗೊಳ್ರಿ, ಕರವಸ್ತ್ರ ಇಟ್ಕಳಾಕೆ" ಅಂದರು.

ಅದನ್ನು ಹಾಕಿಕೊಂಡು ದೇವರ ಮೇಲೆ ಭಾರ ಹಾಕಿ ನೀರಿಗಿಳಿದೆ. ಒಳಗೆ ಗಾಳಿ ತುಂಬಿಕೊಂಡು ನಾನು ಪೂರಿಯ ಹಾಗೆ ಉಬ್ಬಿದೆ. ಮುಳುಗಬೇಕೆಂದರೂ ಮುಳುಗಲಾರೆ. ಬಾಗಿನದ ನೀರು ಬದಲಿಸಿದ ಮೇಲೆ ಧೈರ್ಯ ಮಾಡಿ ಬಂದು, ದಂಡೆಯ ಮೇಲೆ ಕೂತು ಕಾಲು ಮಾತ್ರ ನೆನೆಸುತ್ತಿದ್ದ ನಾಲ್ಕೈದು ಜನ ಬಾಯಿ ಬಿಟ್ಟುಕೊಂಡು ನೋಡಿದರು. "ಅಯ್ಯೋ, ಮೇಡಂ ಮೊದಲನೇ ದಿನವೇ ತೇಲಿದ್ರು!"

ಆ ವಾರ ನಮ್ಮ ಗುಂಪು ಇಮ್ಮಡಿಯಾಯಿತು. ಟೈಲರ್ ಅಂಗಡಿಯ ಮುಂದೆ ಹೊಸ ಬೋರ್ಡು ಬಿತ್ತು: "ಮುಳುಗದ ಉಡುಪು ಹೊಲಿದು ಕೊಡಲಾಗುವುದು."

ಕಾವಲಿಗೆ ಬಂದ ಅತ್ತೆ

ಇನ್ನಷ್ಟು ಜನ ಬೇಕೆಂದು ಮನೆಮನೆಗೂ ಹೋದೆವು. ಪಕ್ಕದ ಬೀದಿಯ ಹುಡುಗಿಗೆ ಆಸೆ, ಅವಳ ಅತ್ತೆಗೆ ಸಿಟ್ಟು.

"ಈಜು ಕಲ್ತು ಏನ್ ಮಾಡ್ಬೇಕ್ರಿ? ಮುಳುಗೋಣ ಅಂದ್ರೂ ನಮ್ಮ ಸೀಮೇಲಿ ನೀರೆಲ್ಲೈತೆ?"

ನಾವು ದಿನಾ ಹೋಗಿ ಕಾಡಿದೆವು. ಕೊನೆಗೆ, ತಾನೂ ಜೊತೆಗೆ ಬಂದು ಕೂರುವುದಾದರೆ ಸೊಸೆಯನ್ನು ಕಳಿಸುವುದಾಗಿ ಒಪ್ಪಿದರು. ಒಂದು ದಿನ ದಂಡೆಯಲ್ಲಿ ಕೂತರು. ಮರುದಿನ ಮಂಡಿನೋವಿಗೆ ಒಳ್ಳೆಯದಂತೆ ಎಂದು ಮೆಟ್ಟಿಲವರೆಗೆ ಇಳಿದರು. ಅದರ ಮರುದಿನ ಕತ್ತಿನವರೆಗೆ. ಐದು ಗಂಟೆಗೆ ಸೊಸೆ, "ಅತ್ತೆ, ಹೊತ್ತಾಯ್ತು, ಹೋಗಾಣ ಬರ್ರಿ" ಅಂತ ಕರೆದಳು.

ಅತ್ತೆ ತಿರುಗಿಯೂ ನೋಡಲಿಲ್ಲ. "ನೀ ಹೋಗಿ ಅನ್ನಕ್ಕಿಡು. ನಾನು ಬತ್ತೀನಿ."

ಚಪ್ಪಲಿಯ ಲೆಕ್ಕ

ತಿಂಗಳು ಮುಗಿದ ದಿನ ಸಾಹೇಬರು ನೋಡಲು ಬರುವವರಿದ್ದರು. ಅವತ್ತೇ ಎದುರಿನ ಛತ್ರದಲ್ಲಿ ಮದುವೆ ಮನೆಯವರ ಬಳೆ ಶಾಸ್ತ್ರ. ಊರ ಹೆಂಗಸರೆಲ್ಲ ಅಲ್ಲಿ. ಕೊಳದಲ್ಲಿ ಉಳಿದವರು ನಾನು, ಪಿ.ಟಿ. ಮೇಡಂ, ಆ ಅತ್ತೆ. ಮೂರೇ ಜನ. ಗಂಟೆ ಕೈತಪ್ಪಿತು ಎಂದು ನನಗೆ ಅಳುವೇ ಬಂತು.

ಹೊರಗೆ ಸಾಹೇಬರ ದನಿ. ಗೇಟು ಕಾಯುತ್ತಿದ್ದ ಅಜ್ಜಿ ಅಡ್ಡ ನಿಂತಳು. ನಮ್ಮ ಗಂಟೆ ಹೋದರೆ ಅವಳ ಕೆಲಸವೂ ಹೋಗುತ್ತಿತ್ತು.

"ನಿಂತ್ಕಳ್ರಿ ಸಾಮಿ. ಒಳಗೆ ಹೆಂಗಸ್ರು ಅವ್ರೆ."

"ಎಷ್ಟು ಜನ ಅಂತ ನೋಡಬೇಕಮ್ಮ. ನಾನು ಆಫೀಸರ್."

"ಆಫೀಸರ್ ಆದ್ರೆ ಗಂಡಸಲ್ವಾ? ಲೆಕ್ಕ ತಾನೆ ಬೇಕಾಗಿರೋದು? ಚಪ್ಪಲಿ ನೋಡ್ಕಳ್ರಿ."

ಮೂರು ಜೊತೆ ಚಪ್ಪಲಿ! ನಾನು ಕಣ್ಣು ಮುಚ್ಚಿಕೊಂಡೆ. ಆದರೆ ಹೊರಗಿಂದ "ಅಬ್ಬಬ್ಬಾ, ಇಷ್ಟೊಂದು ಜನವಾ!" ಎಂದು ಕೇಳಿಸಿತು. ಹೋಗಿ ಗೇಟಿನ ಸಂದಿಯಲ್ಲಿ ಇಣುಕಿದೆ. ಗೋಡೆಯುದ್ದಕ್ಕೂ ಹೆಂಗಸರ ಚಪ್ಪಲಿ, ಮದುವೆಮನೆಯ ಪಂಕ್ತಿಯ ಹಾಗೆ. ಎದುರು ನೋಡಿದರೆ ಛತ್ರದ ಬಾಗಿಲು ಬೋಳುಬೋಳು. ಅಜ್ಜಿಯ ಕಾಲ ಬಳಿ ಖಾಲಿ ಕುಕ್ಕೆ.

ನಾನು ತಿರುಗಿ ಕೈಸನ್ನೆ ಮಾಡಿದೆ. ಅತ್ತೆ ತಕ್ಷಣ ಕೈಕಾಲು ಬಡಿದು ನೀರೆಲ್ಲ ಎದ್ದುಹೋಗುವಂತೆ ಸದ್ದು ಮಾಡಿದರು. ಪಿ.ಟಿ. ಮೇಡಂ ಇಲ್ಲದ ಜನರ ಹೆಸರು ಕೂಗಿ ಕೂಗಿ ಬೈದರು.

ಸಾಹೇಬರು ಹೊರಡಬೇಕು, ಅಷ್ಟರಲ್ಲಿ ಬಗ್ಗಿ ಒಂದು ಚಪ್ಪಲಿ ಎತ್ತಿಕೊಂಡರು. "ಇದು ನಮ್ಮನೆಯವಳದ್ದು! ನಿನ್ನೆ ತಾನೇ ನಾನೇ ಕಿತ್ತೋಗಿದ್ದ ಉಂಗುಷ್ಟ ಹಾಕಿಸ್ಕೊಂಡು ಬಂದೆ. ಬಳೆ ಶಾಸ್ತ್ರಕ್ಕೆ ಹೋಗ್ತೀನಿ ಅಂದಿದ್ಲು..."

ಅಜ್ಜಿ ರೆಪ್ಪೆಯನ್ನೂ ಅಲುಗಿಸಲಿಲ್ಲ.

"ಅಮ್ಮಾವ್ರು ಮೀನಿನಂಗೆ ಈಜ್ತಾರೆ ಸಾಮಿ. ಕರೀಲಾ?"

"ಬೇಡ, ಬೇಡ!" ಸಾಹೇಬರು ಚಪ್ಪಲಿಯನ್ನು ಮೆಲ್ಲಗೆ ಕೆಳಗಿಟ್ಟರು. "ಮೇಡಂಗೆ ಹೇಳು, ಗಂಟೆ ಹೆಂಗಸರಿಗೇ ಖಾಯಂ" ಎಂದು ಹೋದರು.

ಸದ್ಯ! ಬಳೆ ಶಾಸ್ತ್ರ ಮುಗಿಯುವ ಮೊದಲು ಒದ್ದೆ ಬಟ್ಟೆಯಲ್ಲೇ ಚಪ್ಪಲಿಗಳನ್ನೆಲ್ಲ ವಾಪಸು ಸಾಗಿಸಿ, ಛತ್ರದ ಮೆಟ್ಟಿಲ ಮೇಲೆ ಕೂತು ನಕ್ಕೆವು.

ಮರುದಿನ ನಾಲ್ಕಕ್ಕೆ ಸಾಹೇಬರ ಹೆಂಡತಿ ಚೀಲ ಹಿಡಿದು ಗೇಟಿನಲ್ಲಿ ನಿಂತಿದ್ದರು. ಜಗಳಕ್ಕೇ ಬಂದರು ಅಂದುಕೊಂಡೆ.

"ನೀವೇನಾ ಮೇಡಂ? ನಾನು ಮೀನಿನಂಗೆ ಈಜ್ತೀನಂತೆ. ರಾತ್ರಿ ಊಟಕ್ಕೆ ಕೂತು ಯಜಮಾನ್ರು ಹೊಗಳಿದ್ದೇ ಹೊಗಳಿದ್ದು. ಮದುವೆಯಾದಾಗಿಂದ ನನ್ನನ್ನ ಒಂದು ಸಾರಿಗೂ ಹೊಗಳಿದೋರಲ್ಲ. ಇಲ್ಲ ಅನ್ನಾಕೆ ಮನಸ್ಸೇ ಬರಲಿಲ್ಲ."

"ಹಾಗಾದರೆ..." ಎಂದೆ.

"ಬೇಗ ಕಲಿಸ್ರಿ! ಅವರಿಗೆ ಈಜು ಬರಲ್ವಂತೆ. ಮುಂದಿನ ತಿಂಗಳಿಂದ ನಾನೇ ಹೇಳ್ಕೊಡ್ಬೇಕಂತೆ!"