ಮುದ್ದೆ ನುಂಗುವ ಬಾಯಿಗೆ ಹತ್ತಕ್ಕೆ ಹತ್ತು

ನಮ್ಮ ಬಾಯಿ ಪರೀಕ್ಷೆಗೆ ಬಂದವರು ಸುಳ್ಳು ಬರೆದುಕೊಂಡು ಹೋದರು. ತಮಿಳು ಸೀಮೆಯ ತಳಿ ಎಂಬ ಊರಿನ ಪಕ್ಕದ ನಮ್ಮೂರಿನವರ ಹಲ್ಲು, ಒಸಡು ಒಟ್ಟಿನಲ್ಲಿ ಚೆನ್ನಾಗಿವೆಯಂತೆ. ಇಂಥದ್ದು ಇಲ್ಲಿ ಹೊಸದಲ್ಲ. ಯುದ್ಧಕಾಲದಲ್ಲಿ ರೇಷನ್ನಿಗೆ ತಲೆ ಎಣಿಸಿದವರು ಸತ್ತವರಿಗೆ ಚೀಟಿ ಕೊಟ್ಟು ಹುಟ್ಟಿದವರನ್ನು ಬಿಟ್ಟಿದ್ದರು. ಹೇಳಿ ಹೇಳಿ ನನಗೂ ಸಾಕಾಗಿದೆ.

ಬಂದ ಡಾಕ್ಟರಿಗೆ ತಮಿಳು ಬಿಟ್ಟರೆ ಬೇರೆ ಬಾರದು. ನಡುವೆ ನಿಂತು ಮಾತು ದಾಟಿಸಿದವನು ನಾನು. ಒಂದೊಂದು ಬಾಯಿಗೂ ಹತ್ತಕ್ಕೆ ಇಷ್ಟು ಅಂತ ಮಾರ್ಕು. ಕಡಿಮೆ ಮಾರ್ಕು ಬಂದ ಊರಿಗೆ ಮಾತ್ರ ಇಕ್ಕಳ, ಔಷಧಿ ಹಿಡಿದು ಮತ್ತೆ ಬರುತ್ತಾರೆ. ಪಕ್ಕದ ಮನೆಯ ಸೊಸೆಗೆ ಹದಿನೈದು ದಿನದಿಂದ ದವಡೆ ಊದಿತ್ತು. ಅವಳಿಗಾಗಿಯೇ ನಾನು ಒಪ್ಪಿದ್ದು.

ಕೆಂಪು ಬಾಯಿ

ಮೊದಲು ಕೂತವನು ಹೂದೋಟದ ರೈತ. ಬಾಯಿ ತೆರೆದ ಕೂಡಲೇ ಡಾಕ್ಟರು, “ಒಸಡಿನಿಂದ ಇಷ್ಟೊಂದು ರಕ್ತ” ಎಂದು ಬರೆದರು.

“ಎಲೆ ಅಡಿಕೆ ಕಣ್ ಸೋಮಿ, ಈಗ್ಲೇ ಉಗುಳ್ಬುಟ್ ಬಂದೆ.”

ನಾನು ತಮಿಳಿನಲ್ಲಿ ಹೇಳುವಷ್ಟರಲ್ಲಿ ಶಾಯಿ ಒಣಗಿತ್ತು. ಬರೆದದ್ದನ್ನು ಹೊಡೆದುಹಾಕುವಂತಿಲ್ಲವಂತೆ. ಊರಲ್ಲಿ ಗಟ್ಟಿ ಹಲ್ಲಿದ್ದವನು ಅವನೊಬ್ಬನೇ. ಡಾಕ್ಟರ ಕೈಲಿದ್ದ ಒಂದೇ ಔಷಧಿ ಸೀಸೆ ಸಿಕ್ಕಿದ್ದೂ ಅವನಿಗೇ. ಅದನ್ನು ಎತ್ತಿನ ಗೊರಸಿಗೆ ಹಚ್ಚಿದ. ಎತ್ತಿಗೆ ಗುಣವಾಯಿತು.

ಸೊನ್ನೆಯ ಲೆಕ್ಕ

ಆಮೇಲೆ ಆ ಸೊಸೆಯ ಅತ್ತೆ ಕೂತಳು. ಅಜ್ಜಿಗೆ ಒಂದೂ ಹಲ್ಲಿಲ್ಲ. ಹುಳುಕು ಹಲ್ಲು ಎಷ್ಟು? ಸೊನ್ನೆ. ಅಲ್ಲಾಡುವವು ಎಷ್ಟು? ಸೊನ್ನೆ. ಹತ್ತಕ್ಕೆ ಹತ್ತು.

“ಏನ್ಲಾ ಅಂದ್ರು?” ಅಂದಳು.

“ಹುಳುಕಿಲ್ವಲ್ಲ, ಊರಿಗೇ ನಿನ್ ಬಾಯಿ ಮೊದಲ್ನೇದಂತೆ ಕಣಜ್ಜಿ.”

“ಅಂಗಾರೆ ಎಲ್ರುದ್ನೂ ಕಿತ್ತಾಕ್ಬುಡಾಕ್ ಹೇಳು. ಊರೇ ವಾಸಿಯಾಯ್ತದೆ.”

ನುಂಗುವವರು, ಅಗಿಯುವವರು

ಸೊಸೆ ಸೆರಗಿನಿಂದ ಕೆನ್ನೆ ಮುಚ್ಚಿಕೊಂಡು ಕೂತಳು. ಬಾಯಿ ತೆರೆಯಲು ಆಗಲಿಲ್ಲ. ತೆರೆಯದ ಬಾಯಿಗೆ ಫಾರಂನಲ್ಲಿ ಜಾಗವಿಲ್ಲ. ಡಾಕ್ಟರು ನೇರ ಕೊನೆಯ ಪ್ರಶ್ನೆಗೆ ಹೋದರು: “ಊಟಕ್ಕೆ ತೊಂದರೆ ಇದೆಯೇ?”

“ಇಲ್ಲ, ಮುದ್ದೆ ನುಂಗ್ತೀನಿ” ಅಂದಳು. ಊರಿಗೆ ಊರೇ ಹಾಗೇ ಅಂದಿತ್ತು.

“ಸಾರ್, ಮುದ್ದೆಯನ್ನು ನಾವು ಅಗಿಯೋದಿಲ್ಲ. ಅದಕ್ಕೆ ಹಲ್ಲೇ ಬೇಡ. ಇವಳ ದವಡೆ ಊದಿದೆ” ಅಂದೆ.

“ರೋಗಿ ಹೇಳಬೇಕು, ನೀನಲ್ಲ” ಎಂದು ‘ತೊಂದರೆ ಇಲ್ಲ’ ಬರೆದು, ಫಾರಂಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ ಬೀಗ ಹಾಕಿದರು.

ಮಧ್ಯಾಹ್ನ ಅಜ್ಜಿಯ ಮನೆಯಲ್ಲೇ ಊಟ. ಡಾಕ್ಟರು ಮುದ್ದೆ ಮುರಿದು ಬಾಯಿಗಿಟ್ಟು ಅಗಿದರು. ಇನ್ನೂ ಅಗಿದರು. ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಅಂಟಿತು. ಬೆರಳು ಹಾಕಿ ಎಳೆದರು. ಮುದ್ದೆ ಬಂತು. ಅದರ ಜೊತೆ, ಅವರು ಕಟ್ಟಿಸಿಕೊಂಡಿದ್ದ ಎರಡು ಹಲ್ಲೂ ಬಂದು ಎಲೆಯ ಮೇಲೆ ಬಿದ್ದವು.

ಅಜ್ಜಿ ಬಗ್ಗಿ ನೋಡಿ ನನಗೆ ಹೇಳಿದಳು: “ಎಲ್ಡು ಹಲ್ ಕಮ್ಮಿ ಆದೋ. ಸೋಮಿಗೆ ಎಲ್ಡು ಮಾರ್ಕು ಜಾಸ್ತಿ ಬರ್ಕೊಳ್ಲಾ.”

ಸೊಸೆ ನಕ್ಕಳು. ನಕ್ಕದ್ದಕ್ಕೆ ದವಡೆ ಹಿಡಿದುಕೊಂಡು ಚೀರಿದಳು. ಡಾಕ್ಟರು ತಲೆ ಎತ್ತಿ ನೋಡಿದರು. ಪೆಟ್ಟಿಗೆಯ ಬೀಗ ಮಾತ್ರ ತೆಗೆಯಲಿಲ್ಲ. ಮಾರ್ಕು ಜಾಸ್ತಿ ಬಂದ ನಮ್ಮೂರಿಗೆ ಇಕ್ಕಳ ಬರುವುದಿಲ್ಲ; ಅವಳು ಇವತ್ತಿಗೂ ಲವಂಗ ಕಚ್ಚಿಕೊಂಡೇ ಇದ್ದಾಳೆ.

ರಾಯಕೋಟೆಯವರೇ, ಮುಂದಿನ ವಾರ ಅವರು ನಿಮ್ಮಲ್ಲಿಗೆ ಬರುತ್ತಾರೆ. ಮುದ್ದೆಯ ಮಾತೆತ್ತಬೇಡಿ. ಒಂದು ಹಿಡಿ ಹುರಿದ ಹುರುಳಿ ಒಯ್ದು ಅವರೆದುರೇ ಅಗಿದು ಚೀರಿ. ನಿಮ್ಮ ನೋವು ಬರೆಯುವವರೆಗೆ, ಈ ಹೆಣ್ಣುಮಗಳ ಫಾರಂ ತಿದ್ದುವವರೆಗೆ, ಅವರಿಗೆ ದಾರಿ ಬಿಡಬೇಡಿ.