ಹೀಟರಿನ ಹಿಂದಿನ ಗವಿಯ ಮಾಜಿ ಒಡೆಯರಿಗೆ

ಮಾನ್ಯ ಪಟ್ಟೆಯವರ ಸನ್ನಿಧಿಗೆ,
ಗಾಜಿನ ತೊಟ್ಟಿ, ಮುಂದಿನ ಕೋಣೆ.

ಮಾನ್ಯರೇ,

ತಮ್ಮ ಬಾಲವೂ ರೆಕ್ಕೆಗಳೂ ಒಂದೆಳೆಯೂ ಹರಿಯದೆ ಕ್ಷೇಮವಾಗಿರುವುದನ್ನು ಇದೀಗ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಕಣ್ಣಾರೆ ಕಂಡು, ಆ ಸಂತೋಷದಲ್ಲೇ ಈ ಪತ್ರ ಬರೆಯುತ್ತಿದ್ದೇನೆ. ಕ್ಷೇಮವಾಗಿಲ್ಲದ ಬಾಲಗಳ ವಿಚಾರ ಮುಂದೆ ಬರುತ್ತದೆ. ನಾನು ಕನ್ನಡಕ ಮಾಡುವವನು, ಮೂವತ್ತು ವರ್ಷದಿಂದ ಜನರ ದೃಷ್ಟಿ ಅಳೆದವನು, ಆದರೂ ತಮ್ಮದನ್ನು ಅಳೆಯುವ ಭಾಗ್ಯ ಒದಗಿಲ್ಲದ ಕಾರಣ ಪತ್ರವನ್ನು ದಪ್ಪ ಅಕ್ಷರಗಳಲ್ಲಿ ಬರೆದು ಒಳಮುಖವಾಗಿ ಗಾಜಿಗೆ ಅಂಟಿಸುತ್ತಿದ್ದೇನೆ. ಇನ್ನೊಂದು ಪ್ರತಿ ಹೊರಮುಖವಾಗಿರುತ್ತದೆ. ಬಹಿರಂಗ ಪತ್ರ ಎಂದ ಮೇಲೆ ಮನೆಗೆ ಬಂದವರೂ ಓದಿಕೊಳ್ಳಲಿ. ಕಳೆದ ಭಾನುವಾರದಿಂದ ತಾವು ಗಾಜಿಗೆ ಮೂಗು ತಾಗಿಸಿಕೊಂಡು ನನ್ನನ್ನೇ ದಿಟ್ಟಿಸುತ್ತಿದ್ದೀರಿ. ಆ ನೋಟಕ್ಕೆ ಉತ್ತರ ಕೊಡುವುದು ನನ್ನ ಕರ್ತವ್ಯ.

ತಮ್ಮಂಥ ಕಪ್ಪುಬಿಳಿ ಪಟ್ಟೆಯ ಮೀನುಗಳನ್ನು ಅಕ್ವೇರಿಯಂ ಅಂಗಡಿಯಲ್ಲಿ ಕೈದಿಗಳೆಂದು ಕರೆಯುತ್ತಾರೆಂದು ಗೊತ್ತಿದ್ದೂ, ಹೆಸರು ಕೇಳಿ ಯಾರ ಗುಣವನ್ನೂ ಅಳೆಯಬಾರದೆಂದು ತಮ್ಮನ್ನು ಮನೆಗೆ ಕರೆತಂದವನು ನಾನು. ನಾಲ್ಕು ವರ್ಷ ಈ ಎರಡನೇ ಮಹಡಿಯ ಎರಡು ಕೋಣೆಗಳಲ್ಲಿ ನಾವಿಬ್ಬರೂ ಒಬ್ಬರ ತಂಟೆಗೆ ಒಬ್ಬರು ಹೋಗದೆ ಬಾಳಿದೆವು. ಮದುವೆಯಾಗದ ನನಗೆ ಎದುರು ಮಾತಾಡದ ಜೊತೆಗಾರ ಬೇಕಿತ್ತು, ತಮಗೆ ದಿನಕ್ಕೆರಡು ಚಿಟಿಕೆ ಆಹಾರ ಬೇಕಿತ್ತು. ಇಬ್ಬರಿಗೂ ಬೇಕಾದ್ದು ಸಿಕ್ಕಿತ್ತು.

ಆಮೇಲೆ ನನ್ನ ಭಾವ ತೀರಿಕೊಂಡರು. ಅವರು ಲಿಫ್ಟ್ ರಿಪೇರಿ ಮಾಡುತ್ತಿದ್ದವರು. ಹಗಲೆಲ್ಲ ಮೇಲೆ ಕೆಳಗೆ ಓಡಾಡಿ ಮನೆಗೆ ಬಂದ ಮೇಲೆ, ಮೀನುಗಳು ಸುಮ್ಮನೆ ಅಡ್ಡಡ್ಡ ಹೋಗುವುದನ್ನು ನೋಡುತ್ತ ಕೂರುವುದೇ ಅವರಿಗೆ ವಿಶ್ರಾಂತಿಯಾಗಿತ್ತು. ಅವರು ಹೋದ ಮೇಲೆ ಅಕ್ಕ ಒಂದು ಸೂಟ್‌ಕೇಸು, ಒಂದು ಹೊಲಿಗೆ ಯಂತ್ರ, ಮತ್ತು ಮುಚ್ಚಳಕ್ಕೆ ತೂತು ಕೊರೆದ ಬಕೆಟ್ಟಿನಲ್ಲಿ ಭಾವ ಸಾಕಿದ ಐದು ಗೌರಾಮಿ ಮೀನುಗಳ ಸಮೇತ ನನ್ನಲ್ಲಿಗೆ ಬಂದಳು. ಹಿಂದೆಯೇ ಆಟೋದಲ್ಲಿ ಬಂದ ಅವಳ ಖಾಲಿ ತೊಟ್ಟಿಗೆ ಮುಂದಿನ ಕೋಣೆಯಲ್ಲಿ ಜಾಗವಿರಲಿಲ್ಲವಾಗಿ ಅದನ್ನು ಬಾಲ್ಕನಿಯಲ್ಲಿಟ್ಟೆವು. ನಾನು ದೊಡ್ಡ ಮನಸ್ಸಿನವನಂತೆ, "ಎಲ್ಲಾ ಒಂದೇ ನೀರಲ್ಲಿ ಇರ್ಲಿ ಬಿಡಕ್ಕ, ನಮ್ಮವನು ಒಳ್ಳೆಯವನು" ಎಂದೆ. ತಮ್ಮ ನಡತೆಯ ಬಗ್ಗೆ ನಾನು ಕೊಟ್ಟ ಆ ಪ್ರಮಾಣಪತ್ರವನ್ನು ಈ ಮೂಲಕ ವಾಪಸ್ಸು ಪಡೆಯುತ್ತಿದ್ದೇನೆ.

ತಮ್ಮ ಆಡಳಿತ ಸಾಮರ್ಥ್ಯವನ್ನು ಮೆಚ್ಚದಿರಲು ಸಾಧ್ಯವಿಲ್ಲ. ನಾಲ್ಕಡಿ ಉದ್ದದ ತೊಟ್ಟಿಯಲ್ಲಿ ಮೂರೂಮುಕ್ಕಾಲು ಅಡಿಯನ್ನು ತಾವೊಬ್ಬರೇ ಇಟ್ಟುಕೊಂಡು, ಉಳಿದ ಕಾಲಡಿಯನ್ನು ಐದು ಜೀವಗಳಿಗೆ ಧಾರಾಳವಾಗಿ ಬಿಟ್ಟುಕೊಟ್ಟಿರಿ. ಮೂರನೇ ದಿನಕ್ಕೆಲ್ಲ ಅವು ಫಿಲ್ಟರಿನ ಪೈಪಿನ ಪಕ್ಕ ಕೊನೆಯ ಬಸ್ಸು ತಪ್ಪಿದವರಂತೆ ಗುಂಪಾಗಿ ನಿಂತಿದ್ದವು. ಯಾವುದಾದರೂ ಒಂದು ಮೀನು ಗುಂಪಿನಿಂದ ಒಂದಿಂಚು ಆಚೆ ಬಂದರೆ, ತಾವು ಊಟ ಬಿಟ್ಟು ಎದ್ದು ಬಂದು ಅದರ ಬಾಲದಲ್ಲಿ ಸಹಿ ಹಾಕಿ ಹೋಗುತ್ತಿದ್ದಿರಿ. ಎಲ್ಲಕ್ಕಿಂತ ಹಿರಿಯ ಗೌರಾಮಿ, ಭಾವ ತಾವೇ ಆರಿಸಿ ತಂದದ್ದು, ಅರ್ಧ ಬಾಲದಲ್ಲಿ ಓರೆಯಾಗಿ ಈಜತೊಡಗಿತು.

ಅಕ್ಕ ಜಗಳವಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಬಾಲ ನೋಡಿ, "ಅದರ ಮೇಲೆ ಯಾಕೆ ಸಿಟ್ಟು ಮಾಡ್ಕೋತೀಯ? ಅದರ ಮನೆ ಅದು. ಇವೇ ತಾನೇ ಬಂದಿದ್ದು" ಎಂದು ಹೇಳಿ ಒಳಗೆ ಹೋದಳು. ಬಂದು ಮೂರು ತಿಂಗಳಾದರೂ ಅವಳ ಬಟ್ಟೆ ಸೂಟ್‌ಕೇಸಿನಲ್ಲೇ ಇತ್ತು. ಹಲ್ಲುಜ್ಜಿದ ಬ್ರಷ್ಷನ್ನು ತೊಳೆದು ಒರೆಸಿ ಮತ್ತೆ ಚೀಲಕ್ಕೇ ಹಾಕುತ್ತಿದ್ದಳು. ನೀರು ಕುಡಿಯುವ ಮುನ್ನ "ಈ ಲೋಟ ತಗೋಬಹುದಾ?" ಎಂದು ಕೇಳುತ್ತಿದ್ದಳು. ಕೊನೆಗೊಂದು ಶನಿವಾರ ನನ್ನಿಂದ ಅಳತೆ ಟೇಪು ಇಸಕೊಂಡು ಬಾಲ್ಕನಿಯಲ್ಲಿದ್ದ ಖಾಲಿ ತೊಟ್ಟಿಯ ಉದ್ದಗಲ ಅಳೆದು ಚೀಟಿಯಲ್ಲಿ ಬರೆದುಕೊಂಡಳು. ಹಿಂದಿನ ರಸ್ತೆಯಲ್ಲಿ ಒಂದು ಕೋಣೆ ಖಾಲಿಯಿದೆಯಂತೆ, ಕಿಟಕಿಯ ಕೆಳಗೆ ತೊಟ್ಟಿ ಹಿಡಿಸುತ್ತದೋ ಇಲ್ಲವೋ ನೋಡಬೇಕು ಎಂದಳು. ನನ್ನನ್ನು ಎತ್ತಿ ಆಡಿಸಿದ ಅಕ್ಕ ನನ್ನ ಮನೆಯಿಂದ ಹೊರಡಲಿದ್ದಾಳೆಂದು ನನಗೆ ಆಗ ಗೊತ್ತಾಯಿತು. ಅದಕ್ಕೆ ತಾವೇ ಕಾರಣವೆಂದು ಆ ಕ್ಷಣದಲ್ಲೇ ತೀರ್ಮಾನಿಸಿದೆ.

ಹಾಗಾಗಿ ತಮ್ಮ ಮೇಲೆ ಕೈಗೊಂಡ ಕ್ರಮಗಳ ಬಗ್ಗೆ ತಮಗೆ ಬೇಸರವಿರಬಹುದು. ಹೊಟ್ಟೆ ತುಂಬಿದವರು ಶಾಂತರಾಗಿರುತ್ತಾರೆಂದು ಮೊದಲು ತಮಗೆ ಬಡಿಸಿ ಆಮೇಲೆ ಉಳಿದವರಿಗೆ ಹಾಕಿದೆ. ತಾವು ಅದನ್ನು ಕಪ್ಪಕಾಣಿಕೆಯೆಂದು ಸ್ವೀಕರಿಸಿ, ತಿಂದ ಬಲದಿಂದ ಇನ್ನಷ್ಟು ಚುರುಕಾದಿರಿ. ತರಕಾರಿ ತೊಳೆಯುವ ತೂತಿನ ಬುಟ್ಟಿಯನ್ನು ನೀರಲ್ಲಿ ತೇಲಿಬಿಟ್ಟು ತಮ್ಮನ್ನು ಮೂರು ದಿನ ಅದರೊಳಗೆ ಇರಿಸಿದೆ. ತಾವು ಗೃಹಬಂಧನದಲ್ಲಿರುವ ಮಂತ್ರಿಯಂತೆ ಗಂಭೀರವಾಗಿದ್ದು, ಬಿಡುಗಡೆಯಾದ ದಿನ ಮೂರು ದಿನದ ಬಾಕಿ ಕೆಲಸವನ್ನೂ ಸೇರಿಸಿ ಮುಗಿಸಿದಿರಿ. ನಾಯಿ ಬಾಲದ ಡೊಂಕಿನ ಬಗ್ಗೆ ಹಿರಿಯರು ಹೇಳಿದ ಮಾತನ್ನು ಮೀನಿನ ಬಗ್ಗೆ ಯಾಕೆ ಹೇಳಲಿಲ್ಲವೋ ತಿಳಿಯದು.

ಮೂರನೆಯದು ಮಾತ್ರ ನನ್ನದೇ ತಪ್ಪು, ಅದೂ ಕನ್ನಡಕದವನೇ ಮಾಡಬಹುದಾದ ತಪ್ಪು. ಕನ್ನಡಿ ತೋರಿಸಿದರೆ ಇಂಥ ಮೀನು ತನ್ನ ಬಿಂಬದ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತದೆ, ಐದು ನಿಮಿಷ ಸಾಕು ಎಂದು ಅಕ್ವೇರಿಯಂ ಅಂಗಡಿಯಾಕೆ ಹೇಳಿದ್ದರು. ಎಂಥ ಗಡುಸು ಗಿರಾಕಿಯೂ ಹೊಸ ಫ್ರೇಮು ಹಾಕಿಕೊಂಡು ಕನ್ನಡಿಯ ಮುಂದೆ ನಿಂತರೆ ಮೆತ್ತಗಾಗುವುದನ್ನು ಮೂವತ್ತು ವರ್ಷ ಕಂಡಿರುವ ನಾನು, ಐದು ನಿಮಿಷ ಯಾತಕ್ಕೂ ಸಾಲದೆಂದು ನನ್ನ ಕನ್ನಡಕದಂಗಡಿಯ ಮೂರು ಮಡಿಕೆಯ ಕನ್ನಡಿ ತಂದು ಗಾಜಿಗೆ ಒರಗಿಸಿ ಕೆಲಸಕ್ಕೆ ಹೋದೆ. ತಾವು ಒಬ್ಬರೇ ಮೂವರೊಂದಿಗೆ ಬೆಳಗಿನಿಂದ ಸಂಜೆಯವರೆಗೆ ಕಾದಾಡಿ, ಬಣ್ಣ ಮಾಸಿ, ಊಟ ಮುಟ್ಟದೆ, ಮರುದಿನ ಆ ಮೂವರ ಸೇಡನ್ನು ಅರ್ಧ ಬಾಲದ ಹಿರಿಯನ ಮೇಲೆ ತೀರಿಸಿಕೊಂಡಿರಿ. ತಮ್ಮ ಕ್ಷಮೆ ಕೋರುತ್ತೇನೆ. ಹಿರಿಯನ ಕ್ಷಮೆಯನ್ನು ಬೇರೆಯಾಗಿ ಕೋರಿದ್ದೇನೆ.

ಆ ದಿನಗಳಲ್ಲಿ ತಮಗೆ ಸಲ್ಲಿಸಬೇಕೆಂದಿದ್ದ ಕೆಲವು ಬೇಡಿಕೆಗಳು ಈಗಲೂ ಜಾರಿಯಲ್ಲಿವೆ. ತಾವು ಕಚ್ಚುವ ಮುನ್ನ ಏಳು ದಿನದ ಲಿಖಿತ ಸೂಚನೆ ಕೊಡಬೇಕು. ವಾರಕ್ಕೊಂದು ದಿನ ಸಿಟ್ಟಿಗೆ ರಜೆ ಘೋಷಿಸಬೇಕು. ಅಟ್ಟಿಸಿಕೊಂಡು ಹೋಗುವಾಗ ವಯಸ್ಸಾದವರನ್ನು ನಿಧಾನವಾಗಿ ಅಟ್ಟಬೇಕು. ಮತ್ತು ಹರಿದ ಬಾಲಗಳನ್ನು ಹೊಲಿದುಕೊಡಬೇಕು, ಬೇಕಿದ್ದರೆ ಯಂತ್ರ ಮನೆಯಲ್ಲೇ ಇದೆ. ಇವುಗಳಲ್ಲಿ ಒಂದನ್ನಾದರೂ ಪರಿಶೀಲಿಸಿದರೆ ಆಭಾರಿಯಾಗಿರುತ್ತೇನೆ.

ಕನ್ನಡಿಯ ಪ್ರಕರಣ ಕೇಳಿ ಅಂಗಡಿಯಾಕೆ ಹಣೆ ಚಚ್ಚಿಕೊಂಡರು. "ಸಾರ್, ಅವನು ಬಂದಾಗಿಂದ ಒಳಗಡೆ ಒಂದು ಕಲ್ಲಾದ್ರೂ ಸರಿಸಿದ್ದೀರಾ? ಎಲ್ಲಾ ಅವನು ಇಟ್ಟುಕೊಂಡ ಹಾಗೇ ಇದೆ, ಬಂದೋರು ಎಲ್ಲಿ ನಿಲ್ಲಬೇಕು? ಎಲ್ಲರನ್ನೂ ಹೊರಗೆ ತೆಗೀರಿ, ಕಲ್ಲು ಗಿಡ ಎಲ್ಲಾ ಜಾಗ ಬದಲಾಯಿಸಿ, ಮೊದಲು ಅವುಗಳನ್ನ ಬಿಡಿ. ಅವನನ್ನ ಕೊನೇಲಿ ಬಿಡಿ, ನೆಂಟನ ಥರ ಬರ್ಲಿ" ಎಂದರು.

ಭಾನುವಾರ ಬೆಳಗ್ಗೆ ನಡೆದದ್ದು ಇಷ್ಟೇ. ತಾವು ಬಕೆಟ್ಟಿನಲ್ಲಿದ್ದಿರಿ, ನಾನು ಇನ್ನೊಂದು ಬಕೆಟ್ಟು ಹಿಡಿದು ನಿಂತಿದ್ದೆ, ಅಕ್ಕ ಮೊಣಕೈವರೆಗೆ ನೀರಲ್ಲಿ ಕೈಯಿಟ್ಟು ನೀರು ಬೆಚ್ಚಗಿಡುವ ಹೀಟರಿನ ಹಿಂದಿದ್ದ ತಮ್ಮ ಗವಿಯ ಕಲ್ಲುಗಳನ್ನು ಒಂದೊಂದಾಗಿ ಕಿತ್ತು ಬೇರೆ ಕಡೆ ಜೋಡಿಸುತ್ತಿದ್ದಳು. ಅವಳೊಂದು ಚಪ್ಪಟೆ ಕಲ್ಲನ್ನು ಎಡಕ್ಕಿಟ್ಟಳು. ನಾನು ಯೋಚಿಸದೆಯೇ ಕೈ ಹಾಕಿ ಅದನ್ನು ಬಲಕ್ಕೆ, ನಾಲ್ಕು ವರ್ಷದಿಂದ ಇದ್ದ ಜಾಗಕ್ಕೆ, ಸರಿಸಿದೆ. ಅಕ್ಕ ಕೈ ಹಿಂದಕ್ಕೆ ತೆಗೆದುಕೊಂಡಳು.

ಮಾನ್ಯರೇ, ತನ್ನ ತಟ್ಟೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದವನ ತಟ್ಟೆಯ ನೊಣ ಓಡಿಸಿದ ಎಂಬ ಗಾದೆಯನ್ನು ನಾನು ಇತರರ ಬಗ್ಗೆ ಬಹಳ ಸಲ ಬಳಸಿದ್ದೇನೆ. ನನ್ನ ಅಡುಗೆಮನೆಯಲ್ಲಿ ಪ್ರತಿ ಡಬ್ಬಿಗೂ ಚೀಟಿ, ಪ್ರತಿ ಚೀಟಿಗೂ ಜಾಗ. ಅಕ್ಕ ಸೌಟನ್ನು ಎಡಗಡೆಯ ಮೊಳೆಗೆ ಹಾಕಿದರೆ, ಅವಳು ಆಚೆ ಹೋದ ಐದು ನಿಮಿಷದಲ್ಲಿ ನಾನು ಅದನ್ನು ಬಲಗಡೆಯ ಮೊಳೆಗೆ ಹಾಕುತ್ತಿದ್ದೆ, ಮೂರು ತಿಂಗಳು, ದಿನವೂ, ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ. ಒಂದೇ ಒಂದು ಗಟ್ಟಿ ಮಾತು ಆಡಿದವನಲ್ಲ. ತಾವು ಕಚ್ಚುವಾಗ ಕನಿಷ್ಠ ಪಕ್ಷ ನೀರಾದರೂ ಅಲುಗುತ್ತಿತ್ತು. ನನಗೆ ಬಹಳ ನಾಚಿಕೆಯಾಯಿತು.

ಕಲ್ಲನ್ನು ಮತ್ತೆ ಎಡಕ್ಕಿಟ್ಟೆ. ಗೌರಾಮಿಗಳನ್ನು ಬಿಟ್ಟು, ಅವು ಜಾಗ ನೋಡಿಕೊಂಡ ಮೇಲೆ ತಮ್ಮನ್ನು ಬಿಟ್ಟೆವು; ತಾವು ಗವಿ ಹುಡುಕುತ್ತ ಮೂರು ಸುತ್ತು ಬಂದು, ಯಾರನ್ನು ಕಚ್ಚಬೇಕೆಂದು ತೋಚದೆ ನಡುವೆ ನಿಂತಿರಿ. ಆಮೇಲೆ ನಾನು, "ಅಕ್ಕ, ಅಡುಗೆಮನೆಯನ್ನೂ ಹೀಗೇ ಮಾಡಿಬಿಡು, ಮುಗಿಯೋವರೆಗೆ ನಾನು ಇಲ್ಲಿ ಇರೋದಿಲ್ಲ" ಎಂದು ಹೇಳಿ ಚಪ್ಪಲಿ ಮೆಟ್ಟಿ ಹೊರಟೆ. ಎರಡು ಗಂಟೆ ರಸ್ತೆಗಳಲ್ಲಿ ಸುಮ್ಮನೆ ಸುತ್ತಾಡಿದೆ. ಹಿಂದಿನ ರಸ್ತೆಯ ಖಾಲಿ ಕೋಣೆಯನ್ನೂ ಹೊರಗಿನಿಂದ ನೋಡಿದೆ. ಕಿಟಕಿ ಚಿಕ್ಕದು.

ವಾಪಸ್ಸು ಬಂದು ಚಹಾ ಮಾಡಲು ಒಳಗೆ ಹೋದರೆ ಸಕ್ಕರೆ ಇಲ್ಲ, ಚಮಚವಿಲ್ಲ, ಚೀಟಿಗಳಿಲ್ಲ, ನನ್ನದೆಂದು ಹೇಳಬಹುದಾದ ಒಂದು ಮೊಳೆಯೂ ಇದ್ದಲ್ಲಿ ಇಲ್ಲ. ಮೂರು ಸುತ್ತು ಬಂದು ನಡುವೆ ನಿಂತೆ. ಅಕ್ಕ ಕೋಣೆಯಲ್ಲಿ ಸೂಟ್‌ಕೇಸಿನಿಂದ ಸೀರೆಗಳನ್ನು ತೆಗೆದು ನನ್ನ ಕಪಾಟಿನ ನಡುವಿನ ಅರೆಯಲ್ಲಿ ಇಡುತ್ತಿದ್ದಳು. ತಿರುಗಿಯೂ ನೋಡದೆ, "ಹೊಸದಾಗಿ ಬಂದೋರಿಗೆ ಎರಡು ದಿನ ಹಾಗೇ ಇರುತ್ತೆ. ಏನು ಬೇಕು ಕೇಳು, ಕೊಡ್ತೀನಿ" ಎಂದಳು.

ನಾನು ಕೇಳಿದೆ, ಕೊಟ್ಟಳು. ತಾವೂ ಹಾಗೆಯೇ ಮಾಡಬೇಕೆಂದು ವಿನಂತಿ.

ತಮ್ಮಂತೆಯೇ ಹೊಸ ಜಾಗದ ಹುಡುಕಾಟದಲ್ಲಿರುವ,
ತಮ್ಮ ವಿಶ್ವಾಸಿ,
ಗಾಜಿನ ಈಚೆ ಬದಿಯವನು

ತಾ.ಕ.: ನಿನ್ನೆ ಬೆಳಗ್ಗೆ ಹಿರಿಯ ಗೌರಾಮಿ ಅರ್ಧ ಬಾಲದಲ್ಲೇ ತಮ್ಮನ್ನು ಎರಡಿಂಚು ಅಟ್ಟಿಸಿಕೊಂಡು ಬಂದದ್ದು ನನ್ನ ಗಮನಕ್ಕೆ ಬಂದಿದೆ. ಈ ಬಗ್ಗೆ ತಾವು ದೂರು ಸಲ್ಲಿಸುವುದಾದರೆ ದಯವಿಟ್ಟು ಅಕ್ಕನಿಗೆ ಬರೆಯಿರಿ, ಈಗ ಇಲ್ಲಿ ಎಲ್ಲ ನಿರ್ಧಾರ ಅವಳದೇ. ಆದರೆ ಅವಳು ಆ ಹೊತ್ತಿನಲ್ಲಿ ಅಲ್ಲೇ ಇದ್ದು, ಹಿರಿಯನಿಗೆ ಒಂದು ಚಿಟಿಕೆ ಜಾಸ್ತಿ ಹಾಕಿದ್ದನ್ನೂ ತಾವು ಕಂಡೇ ಇರುತ್ತೀರಿ.