ಹನ್ನೊಂದನೇ ಶನಿವಾರ

ಏಕನಾಥನ ಆ ದಿನವನ್ನು ಕೆಡಿಸಿದ್ದು ಒಂದು ಹಿಡಿ ಚುರುಮುರಿ. ಶನಿವಾರ ಬೆಳಿಗ್ಗೆ ಆರೂವರೆಗೆ ಅವನು ಕೆರೆಯ ದಂಡೆಗೆ ಬಂದಾಗ ಅದು ನೀರಿನ ಮೇಲೆ ಬೆಳ್ಳಗೆ ತೇಲುತ್ತಿತ್ತು. ಸುತ್ತಲೂ ಮೀನುಗಳು, ಮದುವೆ ಮನೆಯ ಎರಡನೇ ಪಂಕ್ತಿಗೆ ಕಾದವರ ಹಾಗೆ, ಬಾಯಿ ತೆರೆದು ನಿಂತಿದ್ದವು.

ಅಮೆರಿಕದ ಸ್ಯಾನ್ ಡಿಯೇಗೋದಲ್ಲಿ, ರಾಂಚೊ ಬರ್ನಾರ್ಡೊ ಬಡಾವಣೆಯ ಗುಡ್ಡದ ಹಿಂದಿನ ಆ ಕಾಲೋನಿಯಲ್ಲಿ ಎಪ್ಪತ್ತೆರಡು ಮನೆ, ಒಂದು ಕೆರೆ. ಕೆರೆ ಎಲ್ಲರದು, ಅದರ ಕೆಲಸ ಮಾತ್ರ ಏಕನಾಥನದು. ಮೂರು ವರ್ಷದ ಹಿಂದೆ ವಾರ್ಷಿಕ ಸಭೆಯಲ್ಲಿ "ಇನ್ನು ಮೂರು ವರ್ಷ ಕೆರೆ ನೋಡಿಕೊಳ್ಳುವವರು ಯಾರು?" ಎಂದು ಅಧ್ಯಕ್ಷೆ ಡೋರಿಸ್ ಕೇಳಿದ ಹೊತ್ತಿಗೆ ಸರಿಯಾಗಿ ಅವನು ಬಿಸ್ಕತ್ತು ತೆಗೆದುಕೊಳ್ಳಲು ಎದ್ದು ನಿಂತಿದ್ದ. ಮತ್ತೆ ಕೂರುವಷ್ಟರಲ್ಲಿ ಚಪ್ಪಾಳೆ ಮುಗಿದಿತ್ತು. ಅಂದಿನಿಂದ ಪ್ರತಿ ಶನಿವಾರ ನೀರು ಪರೀಕ್ಷೆ ಮಾಡುವುದು, ಗಾಳಿಯ ಪಂಪು ರಿಪೇರಿ ಮಾಡಿಸುವುದು, ಪಾಚಿ ಎತ್ತಿಸುವುದು, ಬಾತುಕೋಳಿಗಳ ಬಗ್ಗೆ ದೂರು ಕೇಳುವುದು ಎಲ್ಲವೂ ಅವನ ಪಾಲಿಗೆ ಬಂದಿತ್ತು. ಕೆರೆ ಕೆಲಸ ಮುಗಿಸಿ ತಲೆಯೆತ್ತುವಷ್ಟರಲ್ಲಿ ಶನಿವಾರ ಮುಗಿದಿರುತ್ತಿತ್ತು.

ಮಗಳು ಸಂಹಿತಾ ಲಾಸ್ ಏಂಜಲಿಸ್‌ನಲ್ಲಿ ಓದುತ್ತಿದ್ದಳು. ಎರಡು ಗಂಟೆಯ ದಾರಿ. ಎರಡು ವರ್ಷದಲ್ಲಿ ಅವನು ಹೋಗಿದ್ದು ಎರಡೇ ಸಲ, ಒಮ್ಮೆ ಸಾಮಾನು ಇಳಿಸಲು, ಇನ್ನೊಮ್ಮೆ ಅವಳು ಬಿಟ್ಟುಹೋದ ಚಾರ್ಜರ್ ಕೊಡಲು. ಅವಳಿಗೆ ಉಳಿದದ್ದು ಇನ್ನೊಂದೇ ವರ್ಷ. ಆಮೇಲೆ ಕೆಲಸ ಯಾವ ಊರಿನಲ್ಲೋ. ಅದಕ್ಕೇ ಏಕನಾಥ ಹಿಂದಿನ ದಿನವಷ್ಟೇ ಫೋನಿನಲ್ಲಿ "ಮುಂದಿನ ಶನಿವಾರದಿಂದ ಪ್ರತಿ ವಾರ ಬರ್ತೀನಿ ಪುಟ್ಟಿ, ಮಧ್ಯಾಹ್ನ ಒಟ್ಟಿಗೆ ಊಟ ಮಾಡೋಣ" ಎಂದು ಮಾತು ಕೊಟ್ಟಿದ್ದ. ಧೈರ್ಯಕ್ಕೆ ಕಾರಣವಿತ್ತು. ಈ ಶನಿವಾರವೇ ಸಂಜೆ ನಾಲ್ಕಕ್ಕೆ ವಾರ್ಷಿಕ ಸಭೆ. ಎದುರು ಮನೆಯ ಬಾಲಸುಬ್ರಹ್ಮಣ್ಯ, ಎಲ್ಲರ ಬಾಯಲ್ಲಿ ಬಾಲು, ಕೆರೆಯನ್ನು ತಾನು ವಹಿಸಿಕೊಳ್ಳುತ್ತೇನೆಂದು ತಾನಾಗಿಯೇ ಹೇಳಿದ್ದ.

ಅಷ್ಟರಲ್ಲಿ ಈ ಚುರುಮುರಿ.

ಯಾರೋ ಅದರ ಫೋಟೋ ತೆಗೆದು ಡೋರಿಸ್‌ಗೆ ಕಳಿಸಿಯೂ ಆಗಿತ್ತು. ಏಳು ಗಂಟೆಗೆ ಅವಳ ಮೆಸೇಜ್ ಬಂತು: ನೀರಿನ ಮೇಲಿರುವುದು ಥರ್ಮೋಕೋಲ್ ಚೂರೇ? ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಏಕನಾಥ ಇಪ್ಪತ್ತು ವರ್ಷ ಟೆಲಿಕಾಂ ಕಂಪನಿಯಲ್ಲಿ ತಪ್ಪು ಹುಡುಕುವ ಕೆಲಸ ಮಾಡಿದವನು. ತಪ್ಪು ಮಾಹಿತಿ ಕೊಡಲು ಕೈ ಬರಲಿಲ್ಲ. "ಅಲ್ಲ, ಇದು ಹುರಿದ ಅಕ್ಕಿ, ತಿನ್ನುವ ಪದಾರ್ಥ" ಎಂದು ಬರೆದ.

ಡೋರಿಸ್ ನಿವೃತ್ತ ಶಾಲಾ ಶಿಕ್ಷಕಿ. ನಿಯಮಗಳೆಲ್ಲ ಅವಳಿಗೆ ಕಂಠಪಾಠ. ಕೂಡಲೇ ಒಂಬತ್ತನೇ ನಿಯಮ ಬಂತು: ಮೀನಿಗೆ ಏನನ್ನೂ ಹಾಕಬಾರದು, ನೀರು ಕೆಡುತ್ತದೆ. ಹಾಕಿದವರ ಮನೆಯಿಂದ ಮೂರು ವರ್ಷ ಯಾರೂ ಕೆರೆಯ ಹುದ್ದೆಗೆ ನಿಲ್ಲುವಂತಿಲ್ಲ. ಕೆಳಗೆ ಇನ್ನೊಂದು ಸಾಲು: ದೂರು ಇತ್ಯರ್ಥವಾಗುವ ತನಕ ಹುದ್ದೆಯ ಹಸ್ತಾಂತರವಿಲ್ಲ. ನಾಲ್ಕು ಗಂಟೆಯೊಳಗೆ ಹಾಕಿದವರನ್ನು ಪತ್ತೆ ಮಾಡಿ.

ಕಾಲೋನಿಯಲ್ಲಿ ಚುರುಮುರಿ ಇದ್ದ ಮನೆ, ಏಕನಾಥನಿಗೆ ಗೊತ್ತಿದ್ದ ಮಟ್ಟಿಗೆ, ಒಂದೇ. ಅವನದೇ. ಗದಗಿನಿಂದ ಬಂದಿದ್ದ ಅತ್ತೆ ಗುರುಶಾಂತವ್ವನಿಗೆ ಸಂಜೆ ಒಗ್ಗರಣೆ ಚುರುಮುರಿ ಇಲ್ಲದಿದ್ದರೆ ಹೊತ್ತು ಮುಳುಗುತ್ತಿರಲಿಲ್ಲ. ಅವನು ಅಡುಗೆಮನೆಗೆ ಹೋಗಿ ಡಬ್ಬಿ ತೆರೆದ. ತಳ ಕಾಣುತ್ತಿತ್ತು.

"ಅತ್ತೆ, ನೀವೇನಾದ್ರೂ ಮೀನಿಗೆ..."

"ಏನಂದ್ರಿ? ಹನ್ನೆರಡ ಮೈಲಿ ಕಾರ್ ಹೊಡಕೊಂಡ ಹೋಗಿ ತಂದ ಚುರುಮುರಿ ಮೀನಿಗೆ ಹಾಕಾಕ ನನಗೇನ ತಲಿ ಕೆಟ್ಟೈತೇನ್ರಿ ಅಳಿಯಂದ್ರ?" ಗುರುಶಾಂತವ್ವ ಸೆರಗು ಸಿಕ್ಕಿಸಿಕೊಂಡರು. "ಡಬ್ಬಿ ಹೆಂಗ ಖಾಲಿ ಆಕ್ಕೈತಿ ಅಂತ ನಾನೂ ನೋಡಾಕತ್ತೀನಿ. ರಾತ್ರಿ ಲ್ಯಾಪ್‌ಟಾಪ್ ಮುಂದ ಕುಂತು ಮುಕ್ಕೂರು ನೀವ. ನಾ ಬಾಯಿ ಬಿಟ್ಟು ಹೇಳಿಲ್ಲ ಅಷ್ಟ."

ಹೆಂಡತಿ ಮಂಜುಶ್ರೀ ಒಲೆಯ ಕಡೆ ತಿರುಗಿ ದೋಸೆ ಮಗುಚುತ್ತ, "ಹೋಗ್ಲಿ ಬಿಡ್ರೀ, ಮಳೆಗಾಲದಲ್ಲಿ ತಾನಾಗೇ ಕೊಚ್ಚಿಹೋಗತ್ತೆ" ಎಂದಳು. ಸ್ಯಾನ್ ಡಿಯೇಗೋದಲ್ಲಿ ಮಳೆಗಾಲಕ್ಕೆ ಇನ್ನೂ ಐದು ತಿಂಗಳಿತ್ತು.

ಸಾಕ್ಷಿಯೇ ಇಲ್ಲದಿದ್ದರೆ ದೂರೂ ಇಲ್ಲ ಎಂದು ಲೆಕ್ಕ ಹಾಕಿ ಏಕನಾಥ ದೊಡ್ಡ ಜರಡಿ ತೆಗೆದುಕೊಂಡು ಕೆರೆಗೆ ಓಡಿದ. ಮೊದಲ ಸಲಕ್ಕೆ ಎಂಟು ಕಾಳು ಸಿಕ್ಕಿದವು. ಎರಡನೇ ಸಲ ಬಗ್ಗಿದಾಗ ಕಾಲು ಜಾರಿ ಮೊಣಕಾಲವರೆಗೆ ಕೆಸರಿನಲ್ಲಿ ಹೂತುಹೋದ. ಮೀನುಗಳು ಇವನು ಊಟ ತಂದನೆಂದೇ ತಿಳಿದು ಸುತ್ತ ಮುತ್ತಿಕೊಂಡವು. ಒಂದು ದಪ್ಪ ಮೀನು ಜರಡಿಯೊಳಕ್ಕೇ ಬಂದು ಕುಳಿತಿತು.

ಸರಿಯಾಗಿ ಆಗಲೇ ನಾಯಿ ಅಡ್ಡಾಡಿಸುತ್ತ ಬಂದ ಮೂಲೆಮನೆಯ ಹೆಕ್ಟರ್ ನಿಂತ. ಫೋನ್ ಎತ್ತಿ ಫೋಟೋ ತೆಗೆದ. ಹತ್ತು ನಿಮಿಷದಲ್ಲಿ ಅದು ಕಾಲೋನಿಯ ಗ್ರೂಪಿನಲ್ಲಿತ್ತು. ಕೆರೆ ಕಾಯುವವನೇ ಸಾರು ಮಾಡಲು ಮೀನು ಹಿಡಿಯುತ್ತಿದ್ದಾನೆ ಎಂದು ಒಬ್ಬರು ಬರೆದರು. ಹಾಗಾದರೆ ಆ ಬಿಳಿ ಅಕ್ಕಿ ಗಾಳದ ಆಮಿಷವೇ ಇರಬೇಕು ಎಂದು ಇನ್ನೊಬ್ಬರು. ಮೊಟ್ಟೆ ಹಾಕಿದ್ದಾರೆಂದು ತನ್ನ ಹುಟ್ಟುಹಬ್ಬದ ಕೇಕನ್ನೇ ಮುಟ್ಟದ ಏಕನಾಥ ಅದನ್ನು ಕೆಸರು ಕಾಲಲ್ಲೇ ನಿಂತು ಓದಿದ. ಅಳಬೇಕೆನಿಸಿತು.

ಇನ್ನು ಕಳ್ಳನನ್ನು ಹಿಡಿಯದೆ ಗತಿಯಿಲ್ಲ. ಹಾಕಿದವರು ಮತ್ತೆ ಹಾಕಲು ಬಂದೇ ಬರುತ್ತಾರೆ ಎಂದುಕೊಂಡು ದಂಡೆಯ ಕಣಗಿಲೆ ಗಿಡದ ಹಿಂದೆ ಕುಳಿತ. ಹನ್ನೆರಡರ ಹೊತ್ತಿಗೆ ಒಬ್ಬರು ಬಂದರು. ಕೈಯಲ್ಲಿ ಸ್ಟೀಲ್ ಡಬ್ಬಿ. ಅತ್ತಿತ್ತ ನೋಡಿದರು, ಚಪ್ಪಲಿ ಬಿಟ್ಟರು, ಪೂರ್ವಕ್ಕೆ ತಿರುಗಿ ಏನೋ ಗೊಣಗಿಕೊಂಡರು. ಆಮೇಲೆ ಗೋಧಿ ಹಿಟ್ಟಿನ ಉಂಡೆಗಳನ್ನು ಒಂದೊಂದಾಗಿ ನೀರಿಗೆ ಬಿಡತೊಡಗಿದರು.

ಬಾಲು.

"ಬಾಲು, ನೀವಾ?" ಏಕನಾಥ ಗಿಡದಿಂದ ಎದ್ದು ಬಂದ.

ಬಾಲು ಬೆಚ್ಚಿಬಿದ್ದವನು ಡಬ್ಬಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. "ಸಾಡೇಸಾತಿ ಕಣ್ರೀ. ಲೇ-ಆಫ್ ಆಗಿ ಏಳು ತಿಂಗಳಾಯ್ತು. ಇಪ್ಪತ್ತೊಂದು ಶನಿವಾರ ಮೀನಿಗೆ ಹಿಟ್ಟು ಹಾಕಿ ಅಂತ ಬೆಂಗಳೂರಿನ ಜೋಯಿಸರು ವಿಡಿಯೋ ಕಾಲಲ್ಲಿ ಹೇಳಿದ್ರು. ಆದ್ರೆ ಚುರುಮುರಿ ನಂದಲ್ಲ, ನಮ್ಮನೇಲಿ ಚುರುಮುರಿನೇ ತರಲ್ಲ."

"ಮತ್ತೆ ಕೆರೆ ಕೆಲಸ ಯಾಕೆ ಬೇಕು ಅಂದ್ರಿ?"

"ಕಾಯೋನು ನಾನೇ ಆದ್ರೆ ಯಾರೂ ಕೇಳಲ್ಲವಲ್ಲ" ಎಂದ ಬಾಲು, ತಲೆ ತಗ್ಗಿಸಿ.

ಏಕನಾಥ ದಂಡೆಯ ಬೆಂಚಿನ ಮೇಲೆ ಕುಸಿದ. ಇಡೀ ಕಾಲೋನಿಯಲ್ಲಿ ಕೆರೆ ಬೇಕೆಂದ ಒಬ್ಬನೇ ಒಬ್ಬ ಮನುಷ್ಯ ಇವನು. ಇವನ ಹೆಸರು ಹೇಳಿದರೆ ಮೂರು ವರ್ಷ ಇವನು ನಿಲ್ಲುವಂತಿಲ್ಲ. ಹೇಳದಿದ್ದರೆ ದೂರು ಮುಗಿಯುವುದಿಲ್ಲ. ಅತ್ತ ದರಿ ಇತ್ತ ಪುಲಿ. ಹಾಗೆ ಕುಳಿತಿದ್ದಾಗ, ಬೆಳಿಗ್ಗೆಯೇ ಹೊಳೆಯಬೇಕಾಗಿದ್ದ ವಿಷಯ ಅವನಿಗೆ ಹೊಳೆಯಿತು. ಹಾಕಿದವರು ಹುದ್ದೆಗೆ ನಿಲ್ಲುವಂತಿಲ್ಲ. ಅಂದರೆ ಹಾಕಿದ್ದು ನಾನೇ ಎಂದುಬಿಟ್ಟರೆ?

ದೂರು ಇತ್ಯರ್ಥ. ಮೂರು ವರ್ಷ ಕೆರೆಯ ಕಡೆ ತಲೆ ಹಾಕುವಂತಿಲ್ಲ. ಬಾಲುಗೆ ಹುದ್ದೆ, ತನಗೆ ಶನಿವಾರ.

"ಬಾಲು, ಸಭೆಯಲ್ಲಿ ಏನೇ ಆದ್ರೂ ನೀವು ಬಾಯಿ ಬಿಡಬೇಡಿ" ಎಂದು ಹೇಳಿ, ಮೂರು ವರ್ಷದಲ್ಲಿ ಮೊದಲ ಸಲ ಕೆರೆಯನ್ನು ಪ್ರೀತಿಯಿಂದ ನೋಡಿ ಮನೆಗೆ ನಡೆದ.

ನಾಲ್ಕಕ್ಕೆ ಕ್ಲಬ್‌ಹೌಸಿನಲ್ಲಿ ಹದಿನಾಲ್ಕು ಮನೆಯವರು ಸೇರಿದ್ದರು. ಅಳಿಯನ ಫೋಟೋ ವಿಷಯ ಕೇಳಿ ಕೆಂಡವಾಗಿದ್ದ ಗುರುಶಾಂತವ್ವ ಇಳಕಲ್ ಸೀರೆ ಉಟ್ಟು ಮಗಳ ಜೊತೆ ಮುಂದಿನ ಸಾಲಿನಲ್ಲೇ ಕುಳಿತಿದ್ದರು. ಸಭೆಗೆ ಬಂದವರಿಂದಲೇ ಒಬ್ಬರನ್ನು ಆರಿಸಬೇಕು ಎಂದು ಡೋರಿಸ್ ನಿಯಮ ಓದಿ, ಕನ್ನಡಕದ ಮೇಲಿಂದ ಏಕನಾಥನನ್ನು ನೋಡಿದಳು.

ಏಕನಾಥ ಎದ್ದ. "ಮೀನಿಗೆ ಹಾಕಿದ್ದು ನಾನು. ಇವತ್ತೊಂದೇ ದಿನ ಅಲ್ಲ, ಮೂರು ವರ್ಷದಿಂದ ಹಾಕ್ತಿದ್ದೀನಿ. ನನ್ನನ್ನು ತೆಗೆದುಹಾಕಿ" ಎಂದ. ಇಂಗ್ಲಿಷಿನಲ್ಲಿ ಇದನ್ನು ಮನೆಯಲ್ಲಿ ನಾಲ್ಕು ಸಲ ಅಭ್ಯಾಸ ಮಾಡಿದ್ದ.

ಡೋರಿಸ್ ಕನ್ನಡಕ ತೆಗೆದು ಒರೆಸಿಕೊಂಡಳು. ಇಷ್ಟು ಪ್ರಾಮಾಣಿಕ ಮನುಷ್ಯನ ಮುಂದೆ ತಾನು ಮುಚ್ಚಿಡುವುದು ಸರಿಯಲ್ಲ, ಗಂಡ ತೀರಿಕೊಂಡ ಮೇಲೆ ದಿನವೂ ಅರ್ಧ ಬ್ರೆಡ್ಡು ಮೀನಿಗೇ ಹಾಕುತ್ತಿದ್ದೇನೆ ಎಂದಳು. ಹೆಕ್ಟರ್ ಎದ್ದು, ಭಾನುವಾರ ಉಳಿದ ಟೋರ್ಟಿಯಾ ತನ್ನದು ಎಂದ. ಮೂರನೇ ಸಾಲಿನ ಹೆಂಗಸು ಮಕ್ಕಳು ಬೆಳಿಗ್ಗೆ ತಿನ್ನದೆ ಬಿಟ್ಟ ಕಾರ್ನ್‌ಫ್ಲೇಕ್ಸಿನ ಲೆಕ್ಕ ಕೊಟ್ಟಳು. ಪಾಪ ಒಪ್ಪಿಕೊಳ್ಳುವುದು ಆಕಳಿಕೆಯ ಹಾಗೆ ಒಬ್ಬರಿಂದೊಬ್ಬರಿಗೆ ಹರಡಿತು. ಏಕನಾಥ ಕಣ್ಣಲ್ಲೇ ಬೇಡ ಬೇಡ ಎನ್ನುತ್ತಿದ್ದರೂ ಬಾಲು ಎದ್ದುಬಿಟ್ಟ. "ಸಾರಿ ಏಕನಾಥ್, ಶನಿದೇವರ ವಿಷಯದಲ್ಲಿ ನಂಗೆ ಸುಳ್ಳು ಹೇಳಕ್ಕಾಗಲ್ಲ" ಎಂದು ಹಿಟ್ಟಿನ ಉಂಡೆಯ ಸಂಗತಿಯನ್ನೆಲ್ಲ ಕಕ್ಕಿದ.

ಹದಿನಾಲ್ಕು ಮನೆಯೂ ಅನರ್ಹ. ಡೋರಿಸ್ ನಿಟ್ಟುಸಿರು ಬಿಟ್ಟು, ಹಾಗಾದರೆ ಹೊರಗಿನ ಕಂಪನಿಗೇ ಕೆರೆ ಒಪ್ಪಿಸಬೇಕು ಎಂದಳು. ಏಕನಾಥನಿಗೆ ಕುಳಿತಲ್ಲಿಯೇ ಸ್ವರ್ಗ ಕಂಡಿತು. ಮಗಳ ಜೊತೆ ಯಾವ ಹೋಟೆಲಿಗೆ ಹೋಗುವುದೆಂದೂ ಯೋಚಿಸಿದ.

"ಮಂಜೂ, ಅಳಿಯಂದ್ರು ಎದ್ದ ನಿಂತು ಏನ ಹೇಳಿದ್ರು?" ಎಂದು ಗುರುಶಾಂತವ್ವ ಕೇಳಿದರು. ಮಂಜುಶ್ರೀ ಪಿಸುಗುಟ್ಟಿದಳು. ಮುದುಕಿ ಧಡಕ್ಕನೆ ಎದ್ದು ನಿಂತರು.

"ಸುಳ್ಳ. ನನ್ನ ಅಳಿಯ ಒಂದ ಕಾಳೂ ಹಾಕಿಲ್ಲ. ಮೂರ ತಿಂಗಳಾತು, ಪೂಜಿ ಮುಗಿಸಿ ಏಳ ಗಂಟೆಯಿಂದ ಕಿಟಕ್ಯಾಗ ಕುಂತು ನೋಡಾಕತ್ತೀನಿ. ಈ ಅಮ್ಮ ಬ್ರೆಡ್ ಹಾಕೂದು ನೋಡೇನಿ, ಆ ನಾಯಿಯಂವ ರೊಟ್ಟಿ ಹಾಕೂದು ನೋಡೇನಿ, ಬಾಲೂನ ಉಂಡಿ ನೋಡೇನಿ. ಎಲ್ಲಾರೂ ಹಾಕ್ಯಾರ, ಇವರೊಬ್ಬರ ಹಾಕಿಲ್ಲ. ಮಂದಿ ತಪ್ಪು ತಮ್ಮ ತಲಿ ಮ್ಯಾಲೆ ಹಾಕ್ಕೊಳ್ಳಾಕ ಹೊಂಟಾರ. ಹರಿಶ್ಚಂದ್ರನ ಮನಿಗೆ ಮಗಳನ್ನ ಕೊಟ್ಟೇನಿ ನಾ. ಹೇಳ ಮಂಜೂ, ಒಂದ ಮಾತೂ ಬಿಡದಂಗ ಹೇಳ."

ಮಂಜುಶ್ರೀ ಒಂದು ಗಳಿಗೆ ತಡವರಿಸಿದಳು. ಆಮೇಲೆ ತಗ್ಗಿದ ದನಿಯಲ್ಲಿ, ಒಂದು ಮಾತೂ ಬಿಡದೆ, ಇಂಗ್ಲಿಷಿಗೆ ಇಳಿಸಿದಳು.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೆಕ್ಟರ್ ಬಂದು ಅಪ್ಪಿಕೊಂಡು ಫೋಟೋಗೆ ಕ್ಷಮೆ ಕೇಳಿದ. ಕಾಲೋನಿಯ ಏಕಮಾತ್ರ ನಿರ್ದೋಷಿ ಏಕನಾಥನಿಗೆ ಕೆರೆಯನ್ನು ಮತ್ತೆ ಮೂರು ವರ್ಷ ಒಪ್ಪಿಸುವ ನಿರ್ಣಯ ಅವಿರೋಧವಾಗಿ ಪಾಸಾಯಿತು.

ಮನೆಗೆ ಬಂದು ಅವನು ಸೋಫಾದಲ್ಲಿ ಬಿದ್ದುಕೊಂಡ. ಮಂಜುಶ್ರೀ ಕಾಫಿ ತಂದಿಟ್ಟು, ಹೋಗದೆ ಅಲ್ಲೇ ನಿಂತಳು.

"ರೀ, ಬೈಬಾರದು. ಆ ಚುರುಮುರಿ ನಾನೇ ಹಾಕಿದ್ದು."

ಏಕನಾಥ ಎದ್ದು ಕುಳಿತ.

"ನಿಮಗೆ ಈ ಕೆರೆ ಕಾಟ ತಪ್ಪಲಿ, ಪುಟ್ಟಿ ಜೊತೆ ನೀವು ಒಂದು ಊಟನಾದ್ರೂ ಮಾಡೋ ಹಾಗಾಗಲಿ ಅಂತ ಹರಕೆ ಹೊತ್ತಿದ್ದೆ. ಹನ್ನೊಂದು ಶನಿವಾರ ಮೀನಿಗೆ ಚುರುಮುರಿ. ಅಮ್ಮ ಪೂಜೆಗೆ ಕೂತಾಗ ಹೋಗಿ ಹಾಕಿ ಬರ್ತಿದ್ದೆ. ಇಷ್ಟು ದಿನ ನೀವು ಬರೋಷ್ಟರಲ್ಲಿ ಮೀನು ತಿಂದು ಮುಗಿಸ್ತಿದ್ವು. ಇವತ್ತಿಗೆ ಹನ್ನೊಂದು ಆಯ್ತು."

"ಮಾರಾಯ್ತಿ, ಮನೆಯವರು ಯಾರು ಹಾಕಿದ್ರೂ ಮನೆ ಪೂರ್ತಿ ಅನರ್ಹ. ಅಲ್ಲೇ ಒಂದು ಮಾತು ಹೇಳಿದ್ರೆ ನಾನು ಪಾರಾಗ್ತಿದ್ದೆ."

"ಅಷ್ಟು ಜನರ ಮುಂದೆ ಅಮ್ಮ ನಿಮ್ಮನ್ನ ಹರಿಶ್ಚಂದ್ರ ಅಂತಿದ್ರೆ, ಕಳ್ಳಿ ನಾನೇ ಅಂತ ಹೇಗೆ ಹೇಳಲಿ?"

"ಈಗಲೇ ಹೋಗಿ ಡೋರಿಸ್‌ಗೆ ಹೇಳ್ತೀನಿ" ಎಂದು ಏಕನಾಥ ಬಾಗಿಲಿಗೆ ನಡೆದು ಚಪ್ಪಲಿ ಮೆಟ್ಟಿದ.

"ಹೇಳಿ. ಅಮ್ಮನಿಗೂ ನೀವೇ ಹೇಳಿಬಿಡಿ."

ಒಳಕೋಣೆಯಿಂದ ಗುರುಶಾಂತವ್ವನ ದನಿ ಕೇಳುತ್ತಿತ್ತು. ಗದಗಿನ ತಂಗಿಯನ್ನು ನಿದ್ದೆಯಿಂದ ಎಬ್ಬಿಸಿ ಫೋನಿನಲ್ಲಿ ಹೇಳುತ್ತಿದ್ದರು: "ಇಡೀ ಅಮೆರಿಕಾದಾಗ ಇವರೊಬ್ಬರವ್ವ, ಸುಳ್ಳ ಹೇಳಾಕ ಹೋದ್ರೂ ಹೇಳಾಕ ಬರಂಗಿಲ್ಲ. ಮಂದಿ ಎದ್ದ ನಿಂತ ಚಪ್ಪಾಳಿ ಹೊಡದ್ರು. ನನ್ನ ಕಣ್ಣಾಗ ನೀರ ಬಂತು."

ಏಕನಾಥ ಚಪ್ಪಲಿ ಬಿಟ್ಟು ಬಂದು ತಣ್ಣಗಾದ ಕಾಫಿ ಕುಡಿದ. ಟೀಪಾಯಿಯ ಮೇಲೆ ಫೋನ್ ಹೊಡೆದುಕೊಳ್ಳತೊಡಗಿತು. ಸಂಹಿತಾ. ಅವನು ಅದನ್ನು ಎತ್ತಿ ಹೆಂಡತಿಯ ಕೈಗೆ ಕೊಟ್ಟ.

"ನೀನೇ ಹೇಳು. ಇಂಗ್ಲಿಷಿಗೆ ಚೆನ್ನಾಗಿ ಇಳಿಸ್ತೀಯ."